ನೀಲಿ ಓಎಲ್‌ಇಡಿಗೆ ಮೂರು ಅಣು ಮಾಡಿ ನೋಡಿದೆ: ಫಿರ್‌ಪಿಕ್, ಡಿಮ್ಯಾಕ್-ಡಿಪಿಎಸ್, ಡಬ್ನಾ

ಓಎಲ್‌ಇಡಿ ಅಂದರೆ ವಿದ್ಯುತ್ ಹರಿಸಿದಾಗ ಕಾರ್ಬನ್ ಆಧಾರಿತ ಅಣುಗಳೇ ಬೆಳಗುವ ತೆಳು ಪದರದ ಸಾಧನ. ನನ್ನ ಆಯ್ಕೆ ಮೊದಲೇ ಹೇಳಿಬಿಡ್ತೀನಿ: ಡಬ್ನಾ. ಆದರೆ ಸುಲಭವಾಗಿ ಒಲಿಯುವ ಅಣು ಅದಲ್ಲ.

ನೀಲಿ ಯಾಕೆ ಇಷ್ಟು ಕಾಡುತ್ತದೆ? ವಿದ್ಯುತ್ ಹರಿಸಿದಾಗ ಹುಟ್ಟುವ ಎಕ್ಸಿಟಾನ್‌ಗಳಲ್ಲಿ (ಬೆಳಕಾಗಬಲ್ಲ ಶಕ್ತಿಯ ಪೊಟ್ಟಣಗಳು) 25% ಮಾತ್ರ ಸಿಂಗ್ಲೆಟ್ (ಸುಲಭವಾಗಿ ಬೆಳಕಾಗುವ ಸ್ಥಿತಿ), ಉಳಿದ 75% ಟ್ರಿಪ್ಲೆಟ್ (ಸಾಮಾನ್ಯವಾಗಿ ಬೆಳಗದ, ಸ್ವಲ್ಪ ಕಡಿಮೆ ಶಕ್ತಿಯ ಸ್ಥಿತಿ). ಮಾಮೂಲಿ ಫ್ಲೋರೆಸೆಂಟ್ ಅಣುವಿನಲ್ಲಿ ಟ್ರಿಪ್ಲೆಟ್‌ನ ಬಹುಪಾಲು ಶಾಖವಾಗಿ ಪೋಲಾಗುತ್ತದೆ. ಜೊತೆಗೆ 460 ನ್ಯಾನೋಮೀಟರ್ ಬೆಳಕಿನ ಶಕ್ತಿ ಸುಮಾರು 2.7 ಎಲೆಕ್ಟ್ರಾನ್‌ವೋಲ್ಟ್. ಅಷ್ಟು ಶಕ್ತಿ ಹೊತ್ತ ಎರಡು ಅಣುಗಳು ಅಕ್ಕಪಕ್ಕ ಸಿಕ್ಕಿ, ಒಂದರದ್ದು ಇನ್ನೊಂದಕ್ಕೆ ಸೇರಿಬಿಟ್ಟರೆ ಕಾರ್ಬನ್-ನೈಟ್ರೋಜನ್ ಬಂಧವೇ ಕಿತ್ತುಹೋಗಬಹುದು.

ಫಿರ್‌ಪಿಕ್‌ನಲ್ಲಿ ಇರಿಡಿಯಂ ಎಂಬ ಭಾರ ಲೋಹ ಇದೆ, ಅದರಿಂದ ಟ್ರಿಪ್ಲೆಟ್ಟೇ ನೇರವಾಗಿ ಬೆಳಗುತ್ತದೆ. ಮಾಡೋದೂ ಕಷ್ಟವಲ್ಲ. ಆದರೆ ಬಣ್ಣ ಆಕಾಶನೀಲಿ: ಶಿಖರ 470ರ ಹತ್ತಿರ, 500ರ ಹತ್ತಿರ ಇನ್ನೊಂದು ಭುಜ. ಹೋಸ್ಟ್ (ಬೆಳಗುವ ಅಣುವನ್ನು ಬೆರೆಸುವ ಆಧಾರ ವಸ್ತು) ಕೂಡ ನೋಡಿ ಹಾಕಬೇಕು. ಸಿಬಿಪಿ ಎಂಬ ಹೋಸ್ಟ್‌ನ ಟ್ರಿಪ್ಲೆಟ್ ಶಕ್ತಿ ಫಿರ್‌ಪಿಕ್‌ನದ್ದಕ್ಕಿಂತ ಕೆಳಗಿದೆ, ಶಕ್ತಿ ವಾಪಸ್ ಸೋರುತ್ತದೆ. ಎಂಸಿಪಿ ಎಂಬ ಇನ್ನೊಂದು ಹೋಸ್ಟ್‌ಗೆ ಬದಲಾಯಿಸಿದ ಮೇಲೇ ಸರಿಯಾಯಿತು. ಇನ್ನೂ ಗಾಢ ನೀಲಿ ಬೇಕು ಅಂತ ಫ್ಲೋರಿನ್ ಜಾಸ್ತಿ ಮಾಡಲು ನನಗೆ ಮನಸ್ಸಾಗಲಿಲ್ಲ, ಯಾಕೆಂದರೆ ಸಾಧನ ಓಡುವಾಗ ಮುರಿಯುವ ಜಾಗಗಳಲ್ಲಿ ಕಾರ್ಬನ್-ಫ್ಲೋರಿನ್ ಬಂಧವೂ ಒಂದು.

ಡಿಮ್ಯಾಕ್-ಡಿಪಿಎಸ್ ಟಿಎಡಿಎಫ್ ಅಣು, ಅಂದರೆ ಸುತ್ತಲಿನ ಶಾಖದ ನೆರವಿನಿಂದ ಟ್ರಿಪ್ಲೆಟ್ಟನ್ನು ಸಿಂಗ್ಲೆಟ್ ಮಾಡಿ ಬೆಳಗುವ ಜಾತಿ. ಲೋಹ ಬೇಡ. ಅಕ್ರಿಡಿನ್ ತುಂಡು ಎಲೆಕ್ಟ್ರಾನ್ ಕೊಡುತ್ತದೆ, ಸಲ್ಫೋನ್ ತುಂಡು ತೆಗೆದುಕೊಳ್ಳುತ್ತದೆ, ನಡುವಿನ ತಿರುವಿನಿಂದ ಸಿಂಗ್ಲೆಟ್-ಟ್ರಿಪ್ಲೆಟ್ ಅಂತರ ಕುಗ್ಗಿ ಟ್ರಿಪ್ಲೆಟ್ ಮತ್ತೆ ಮೇಲೆ ಹತ್ತುತ್ತದೆ. 2014ರಲ್ಲಿ ವರದಿಯಾದ ಸಾಧನದ ಬಾಹ್ಯ ಕ್ವಾಂಟಂ ದಕ್ಷತೆ (ಹರಿಸಿದ ಎಲೆಕ್ಟ್ರಾನ್‌ಗಳಿಗೆ ಎಷ್ಟು ಬೆಳಕಿನ ಕಣ ಹೊರಬಂತು ಎಂಬ ಲೆಕ್ಕ) 19.5%. ಒಂದು ಪಲ್ಲಾಡಿಯಂ ಕ್ರಿಯೆಯಲ್ಲಿ ಕೆಲಸ ಮುಗಿದದ್ದು ನೋಡಿ ತುಂಬಾ ಖುಷಿಯಾಗಿತ್ತು. ಆಮೇಲೆ ಎರಡು ಸೀಸೆಗಳನ್ನು ಯುವಿ ದೀಪದ ಕೆಳಗೆ ಇಟ್ಟೆ. ಟೊಲ್ಯೂಯಿನ್‌ನಲ್ಲಿ ನೀಲಿ, ಡೈಕ್ಲೋರೋಮೀಥೇನ್‌ನಲ್ಲಿ ಹಸಿರಿನ ಕಡೆಗೆ ವಾಲಿದ ಬಣ್ಣ. ಅದೇ ಅಣು! ಚಾರ್ಜ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದರಿಂದ ಸುತ್ತಲಿನ ಪರಿಸರವೇ ಬಣ್ಣ ನಿರ್ಧರಿಸುತ್ತದೆ, ಹೊರಬರುವ ಬೆಳಕಿನ ತರಂಗಾಂತರಗಳ ಪಟ್ಟಿಯೂ ಅಗಲ. ಪರದೆಗೆ ಹಾಕಿದರೆ ಫಿಲ್ಟರ್ ಅರ್ಧ ಬೆಳಕು ತಿಂದುಬಿಡುತ್ತದೆ ಅಂದರೆ ದಕ್ಷತೆಯ ಅಂಕಿಗೆ ಏನು ಬೆಲೆ?

ಡಬ್ನಾ ಹಾಗಲ್ಲ. 2016ರಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞ ಹಟಕೆಯಾಮ ಅವರ ತಂಡ ತೋರಿಸಿದ ದಾರಿ ಇದು. ಬೋರಾನ್, ನೈಟ್ರೋಜನ್ ಎರಡನ್ನೂ ಒಂದೇ ಗಟ್ಟಿ ಚಪ್ಪಟೆ ಚೌಕಟ್ಟಿಗೆ ಸೇರಿಸಿ, ಎಲೆಕ್ಟ್ರಾನ್ ತುಂಬಿದ ಕಕ್ಷಕವೂ (ಎಲೆಕ್ಟ್ರಾನ್ ಹರಡಿರುವ ಜಾಗ) ಖಾಲಿ ಕಕ್ಷಕವೂ ಅಕ್ಕಪಕ್ಕದ ಪರಮಾಣುಗಳ ಮೇಲೆ ಒಂದು ಬಿಟ್ಟು ಒಂದು ಕೂರುವಂತೆ ಮಾಡಿದರು. ಅಣು ಅಲುಗಾಡಲು ಜಾಗವೇ ಇಲ್ಲ. ಪಟ್ಟಿಯ ಅಗಲ ಸುಮಾರು 28 ನ್ಯಾನೋಮೀಟರ್ ಅಷ್ಟೇ. 2019ರ ನ್ಯೂ-ಡಬ್ನಾ (ಗ್ರೀಕ್ ಅಕ್ಷರ ν ಹೆಸರಿನ ರೂಪ) ಸಾಧನದಲ್ಲಿ 18, ದಕ್ಷತೆ 34.4%. ತಯಾರಿ ಮಾತ್ರ ತಾಳ್ಮೆ ಕೇಳುತ್ತದೆ: ಬ್ಯೂಟೈಲ್ ಲಿಥಿಯಂ, ಆಮೇಲೆ ಹೊಗೆಯಾಡುವ ಬೋರಾನ್ ಟ್ರೈಬ್ರೋಮೈಡ್. ತೇವ ತಗುಲಿ ಮೊದಲ ಬ್ಯಾಚ್ ಪೂರ್ತಿ ಹಾಳಾಯಿತು.

ಇದರ ದೋಷವನ್ನು ನಾನು ಕಂಡದ್ದು ಟಿಎಲ್‌ಸಿ ಪ್ಲೇಟ್ (ಮಿಶ್ರಣದ ಶುದ್ಧತೆ ನೋಡುವ ತೆಳು ಪದರದ ಹಲಗೆ) ಮೇಲೆ. ತೆಳು ದ್ರಾವಣ ಗಾಢ ನೀಲಿ, ಅದೇ ದ್ರಾವಣದ ದಪ್ಪ ಚುಕ್ಕೆ ಒಣಗುತ್ತಿದ್ದಂತೆ ಮಂಕಾಗಿ ಹಸಿರಿಗೆ ತಿರುಗಿತು. ಚಪ್ಪಟೆ ಅಣುಗಳು ಒಂದರ ಮೇಲೊಂದು ಮಲಗಿಬಿಡುತ್ತವೆ, ಅಷ್ಟೇ ಅಲ್ವಾ! ಅಂಚಿಗೆ ಟರ್ಷಿಯರಿ ಬ್ಯೂಟೈಲ್ ಗುಂಪು ಸೇರಿಸಿ, ಹೋಸ್ಟ್‌ನಲ್ಲಿ 1% ಮಾತ್ರ ಹಾಕಿದಾಗ ಪದರದಲ್ಲೂ ನೀಲಿ ಉಳಿಯಿತು. ಆದರೂ ಟ್ರಿಪ್ಲೆಟ್ ಮೇಲೆ ಹತ್ತುವುದು ನಿಧಾನ, ಹೊಳಪು ಏರಿಸಿದಂತೆ ದಕ್ಷತೆ ಇಳಿಯುತ್ತದೆ. ಅದಕ್ಕೇ ಈಗ ಟ್ರಿಪ್ಲೆಟ್ ಹಿಡಿಯುವ ಕೆಲಸವನ್ನು ಬೇರೊಂದು ಟಿಎಡಿಎಫ್ ಅಣುವಿಗೆ ಕೊಟ್ಟು, ಬೆಳಗುವ ಕೆಲಸ ಮಾತ್ರ ಡಬ್ನಾಗೆ ಬಿಟ್ಟು ನೋಡುತ್ತಿದ್ದೇನೆ.