ಮೇಲ್ ವಿಳಾಸ ಸೋರಿದೆಯಾ ಎಂದು ತೋರಿಸುವ ‘ಹ್ಯಾವ್ ಐ ಬೀನ್ ಪೋನ್ಡ್’: ನಾನು ಬಳಸಿ ನೋಡಿದ್ದು

ಹೋದ ಆಷಾಢದಲ್ಲಿ ಒಂದು ಮೇಲ್ ಬಂತು. ಸಬ್ಜೆಕ್ಟ್ ಜಾಗದಲ್ಲೇ ನನ್ನ ಪಾಸ್‌ವರ್ಡ್ ಇತ್ತು. ನಮ್ಮ ಹಳೇ ಹಸುವಿನ ಹೆಸರು, ಪಕ್ಕದಲ್ಲಿ ನನ್ನ ಮದುವೆಯ ಇಸವಿ. ಬಿಟ್‌ಕಾಯಿನ್ ಕಳಿಸದಿದ್ದರೆ ನಿನ್ನ ವಿಡಿಯೊ ಎಲ್ಲರಿಗೂ ಹಂಚುತ್ತೇನೆ ಎಂಬ ಬೆದರಿಕೆ. ಅಂಥ ವಿಡಿಯೊ ಯಾವುದೂ ಇಲ್ಲ. ಆದರೂ ಕೈಕಾಲು ತಣ್ಣಗಾಯಿತು. ಶಿರಸಿಯಿಂದ ಯಾಣಕ್ಕೆ ಹೋಗುವ ದಾರಿಯಲ್ಲಿ ನಾವು ಹೋಂಸ್ಟೇ ನಡೆಸುತ್ತೇವೆ. ಬಂದು ಉಳಿದವರ ಆಧಾರ್ ಫೋಟೊಗಳು 4 ವರ್ಷದಿಂದ ನನ್ನ ಮೇಲ್‌ನಲ್ಲೇ ಬಿದ್ದಿದ್ದವು. ಅದಕ್ಕೂ ಅದೇ ಪಾಸ್‌ವರ್ಡ್.

ಬೆಂಗಳೂರಿನಲ್ಲಿರುವ ಅಣ್ಣನ ಮಗನಿಗೆ ಫೋನ್ ಮಾಡಿದೆ. “ಹೆದ್ರಡ ಅತ್ತೆ, ದುಡ್ಡು ಕಳಿಸಡ. ಮೊದ್ಲು ಪಾಸ್‌ವರ್ಡ್ ಬದಲ್ಸು” ಎಂದ. ಆಮೇಲೆ ಈ ಜಾಲತಾಣ ನೋಡಲು ಹೇಳಿದ.

ಇದನ್ನು ಆಸ್ಟ್ರೇಲಿಯಾದ ಟ್ರಾಯ್ ಹಂಟ್ 2013ರಲ್ಲಿ ಶುರು ಮಾಡಿದರು. ಕಂಪನಿಗಳಿಂದ ಕದ್ದ ಗ್ರಾಹಕರ ಪಟ್ಟಿಗಳು ಹೊರಬಿದ್ದಾಗ ಅದರಲ್ಲಿರುವ ಮೇಲ್ ವಿಳಾಸಗಳನ್ನು ಇಲ್ಲಿ ಸೇರಿಸುತ್ತಾರೆ. ನಮ್ಮ ವಿಳಾಸ ಹಾಕಿದರೆ ಎಲ್ಲಿಂದ, ಯಾವಾಗ, ಏನೇನು ಹೋಯಿತು ಎಂದು ಕಾಣುತ್ತದೆ. ದುಡ್ಡಿಲ್ಲ, ಖಾತೆಯೂ ಬೇಡ. ಮಳೆಗೆ ನೆಟ್ ಸತ್ತು ಹುಟ್ಟುತ್ತಿದ್ದ ದಿನವೂ ನನ್ನ ಫೋನಿನಲ್ಲಿ ತೆರೆಯಿತು. ನನ್ನದು 3 ಕಡೆ ಸೋರಿತ್ತು. ಅದರಲ್ಲೊಂದು ಎಂದೋ ಬಳಸಿ ಮರೆತ ಶಾಪಿಂಗ್ ಆ್ಯಪ್. ಪಾಸ್‌ವರ್ಡ್ ಹೋದದ್ದು ಅಲ್ಲಿಂದ. ಮೇಲ್‌ಗೆ ಲಾಗಿನ್ ಆದ ಫೋನ್‌ಗಳ ಪಟ್ಟಿ ತೆಗೆದು ನೋಡಿದೆ, ನಮ್ಮ ಮನೆಯವೇ ಇದ್ದವು. ಆಗ ಹೋದ ಜೀವ ಬಂದ ಹಾಗಾಯಿತು.

ಡಾರ್ಕ್ ವೆಬ್‌ನಲ್ಲಿ, ಅಂದರೆ ಗೂಗಲ್‌ನಲ್ಲಿ ಹುಡುಕಿದರೆ ಸಿಗದ ಇಂಟರ್ನೆಟ್ಟಿನ ಗುಪ್ತ ಭಾಗದಲ್ಲಿ, ಇಂಥ ಪಟ್ಟಿ ಎಷ್ಟಕ್ಕೆ ಹೋಗುತ್ತದೆ ಗೊತ್ತಾ? ಬಿಗ್‌ಬಾಸ್ಕೆಟ್‌ನ ಸುಮಾರು 2 ಕೋಟಿ ಗ್ರಾಹಕರ ವಿವರ 40,000 ಡಾಲರಿಗೆ ಮಾರಾಟಕ್ಕಿದೆ ಎಂದು 2020ರಲ್ಲಿ ಸೈಬಲ್ ಎಂಬ ಸಂಸ್ಥೆ ಹೇಳಿತ್ತು. ಲೆಕ್ಕ ಹಾಕಿದೆ. ಆಗಿನ ದರದಲ್ಲಿ ತಲೆಗೆ 15 ಪೈಸೆ. ನಮ್ಮ ಅಂಗಳದ ಒಂದು ಕೋಕಾ (ಕಡಿಮೆ ದರ್ಜೆಯ) ಅಡಿಕೆಗೂ ಇದಕ್ಕಿಂತ ಜಾಸ್ತಿ ಸಿಗುತ್ತದೆ. ನನಗೆ ನಿಜಕ್ಕೂ ಸಿಟ್ಟು ಬಂತು.

ಇಲ್ಲಿ ಪಾಸ್‌ವರ್ಡನ್ನೂ ಪರೀಕ್ಷಿಸಬಹುದು. ಮೊದಲು ನಾನು ಒಪ್ಪಲಿಲ್ಲ. ಗೊತ್ತಿಲ್ಲದ ಜಾಗದಲ್ಲಿ ಪಾಸ್‌ವರ್ಡ್ ಹಾಕುವುದು ಹೇಗೆ, ಅಲ್ವಾ? ನಾವು ಬರೆದದ್ದು ನಮ್ಮ ಫೋನಿನಲ್ಲೇ 40 ಅಕ್ಷರಗಳ ಗುರುತಾಗಿ ಬದಲಾಗುತ್ತದಂತೆ. ಅದರಲ್ಲಿ ಮೊದಲ 5 ಅಕ್ಷರ ಮಾತ್ರ ಆಚೆ ಹೋಗುತ್ತವೆ. ಸೋರಿದ ಪಟ್ಟಿಗಳಲ್ಲಿ ಆ ಪಾಸ್‌ವರ್ಡ್ ಎಷ್ಟು ಸಲ ಸಿಕ್ಕಿದೆ ಎಂಬ ಸಂಖ್ಯೆ ಬರುತ್ತದೆ. ನನ್ನ ಹಸುವಿನ ಹೆಸರು ಇಸವಿಯಿಲ್ಲದೆಯೂ ಅಲ್ಲಿತ್ತು.

ಕೊರತೆಯೂ ಇದೆ. ಎಲ್ಲವೂ ಇಂಗ್ಲಿಷಿನಲ್ಲಿದೆ. ಫೋನ್ ನಂಬರ್ ಹಾಕಿ ಹುಡುಕುವಂತಿಲ್ಲ. ನಮ್ಮ ಕಡೆ ಎಲ್ಲಕ್ಕೂ ಫೋನ್ ನಂಬರೇ ಬೇಕು. ನಮ್ಮ ಅತ್ತೆಯವರಿಗೆ ಮೇಲ್ ಇಲ್ಲವೇ ಇಲ್ಲ, ಅವರಿಗೆ ಇದರಿಂದ ಏನೂ ಸಿಗಲಿಲ್ಲ. ಪಟ್ಟಿಯಲ್ಲಿ ಇಲ್ಲ ಎಂದರೆ ಸೋರಿಲ್ಲ ಎಂದು ಸುಮ್ನೆ ಕೂರುವಂತೆಯೂ ಇಲ್ಲ. ಈ ತಾಣಕ್ಕೆ ಸಿಗದ ಪಟ್ಟಿಗಳೂ ಇರುತ್ತವೆ. ಮುಂದೆ ಎಲ್ಲಾದರೂ ಸೋರಿದರೆ ಮೇಲ್ ಕಳಿಸುವ ವ್ಯವಸ್ಥೆ ಇದೆ, ಅದಕ್ಕೆ ಮಾತ್ರ ತಪ್ಪದೆ ಹೆಸರು ಕೊಡಿ.

ಹಳೇ ಆಧಾರ್ ಫೋಟೊಗಳನ್ನು ಒಂದೊಂದಾಗಿ ಅಳಿಸಲು 2 ಮಧ್ಯಾಹ್ನ ಬೇಕಾಯಿತು. ಈಗ ಅತಿಥಿಗಳ ಹತ್ತಿರ ಕೊನೆಯ 4 ಅಂಕಿ ಮಾತ್ರ ಕಾಣುವ ಆಧಾರ್ ಕೇಳುತ್ತೇನೆ. ಅದನ್ನು ನೋಡಿ, ಹೆಸರು ಊರು ರಿಜಿಸ್ಟರ್‌ನಲ್ಲಿ ಬರೆದು, ಅವರ ಕೈಗೇ ವಾಪಸ್ ಕೊಡುತ್ತೇನೆ.