ದಸರೆಯಿಂದ ತುಳಸಿ ಲಗ್ನದವರೆಗೆ ಚಿತ್ರಪುಸ್ತಕ: ಪಡಸಾಲೆಯಲ್ಲಿ ನಡೆದ ಒಂದು ಹೋಲಿಕೆ

ದಸರಾ ರಜೆ ಆರಂಭವಾದಂದಿನಿಂದ ತುಳಸಿ ಲಗ್ನದವರೆಗೆ, ಬೆಳಗಾವಿಯ ಶಹಾಪುರದಲ್ಲಿರುವ ನಮ್ಮ ಮನೆಯ ಪಡಸಾಲೆಯಲ್ಲಿ ಪ್ರತಿ ಸಂಜೆ ಇಬ್ಬರು ಮಕ್ಕಳಿಗೆ ಚಿತ್ರಪುಸ್ತಕ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಒಬ್ಬಳು ನನ್ನನ್ನು ‘ಆಯಿ’ ಎನ್ನುವ ಆರು ವರ್ಷದ ಮೊಮ್ಮಗಳು. ಇನ್ನೊಬ್ಬ ‘ಆಜಿ’ ಎನ್ನುವ, ಮನೆಯಲ್ಲಿ ಮರಾಠಿ ಮಾತಾಡುವ ನೆರೆಮನೆಯ ಹುಡುಗ. ಇಬ್ಬರೂ ಒಂದೇ ಚಾಪೆಯ ಮೇಲೆ ಕುಳಿತು ಸವಿಯಬಹುದಾದದ್ದು ಯಾವುದು ಎಂಬುದೊಂದೇ ನನ್ನ ಅಳತೆಗೋಲಾಗಿತ್ತು.

ಮೊದಲು ಹಿಡಿದದ್ದು ಮೊಬೈಲು. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದಲ್ಲಿ ಮಕ್ಕಳ ಸಚಿತ್ರ ಕಥೆಗಳನ್ನು ಹಣ ಕೊಡದೆ ಓದಬಹುದು. ಓದುವ ಶಕ್ತಿಗೆ ತಕ್ಕಂತೆ 1ರಿಂದ 4ರವರೆಗೆ ಮಟ್ಟಗಳನ್ನು ಗುರುತಿಸಿದ್ದಾರೆ. ಎಷ್ಟೋ ಕಥೆಗಳು ಅವೇ ಚಿತ್ರಗಳೊಡನೆ ಕನ್ನಡದಲ್ಲೂ ಮರಾಠಿಯಲ್ಲೂ ಸಿಗುತ್ತವೆ. ಆಯ್ಕೆಯ ದೃಷ್ಟಿಯಿಂದ ಇದಕ್ಕೆ ಸರಿಸಾಟಿ ಇಲ್ಲ. ಆದರೆ ಗಾಜಿನ ಮೇಲೆ ಬೆರಳು ನಿಲ್ಲುವುದಿಲ್ಲ. ನಾನು ಸಾಲನ್ನು ಮುಗಿಸುವ ಮೊದಲೇ ಹುಡುಗ ಪುಟ ಸರಿಸಿಬಿಡುತ್ತಿದ್ದ, ಮೊಮ್ಮಗಳು ಹಿಂದಕ್ಕೆ ಎಳೆಯುತ್ತಿದ್ದಳು, ನಡುವೆ ಯಾರದೋ ಕರೆ ಬಂದು ಕಥೆಯೊಳಗಿನ ನರಿ ಮಾಯವಾಗುತ್ತಿತ್ತು.

ಇಂಗ್ಲಿಷ್ ಮತ್ತು ಕನ್ನಡ ಎರಡನ್ನೂ ಒಂದೇ ಪುಟದಲ್ಲಿ ಅಚ್ಚು ಹಾಕಿದ ದ್ವಿಭಾಷಾ ಪುಸ್ತಕವೊಂದನ್ನೂ ತಂದೆವು. ಕಾಗದ ಚೆನ್ನಾಗಿತ್ತು, ಚಿತ್ರ ಇನ್ನೂ ಚೆನ್ನಾಗಿತ್ತು, ಸೊಸೆಗಂತೂ ಬಹಳ ಹಿಡಿಸಿತು. ಆದರೆ ಅದನ್ನು ತೆರೆದಾಗಲೆಲ್ಲ ‘ಈ ಶಬ್ದ ಓದು ನೋಡೋಣ’ ಎನ್ನುವ ಪಾಠ ಶುರುವಾಗುತ್ತಿದ್ದುದರಿಂದ ಮೂರನೆಯ ಸಂಜೆಗೆ ಅದು ಕಪಾಟು ಸೇರಿತು.

1957ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಬುಕ್ ಟ್ರಸ್ಟ್ ತನ್ನ ನೆಹರೂ ಬಾಲ ಪುಸ್ತಕಾಲಯ ಮಾಲೆಯಲ್ಲಿ ಒಂದೇ ಪುಸ್ತಕವನ್ನು ಹಲವು ಭಾರತೀಯ ಭಾಷೆಗಳಲ್ಲಿ ಹೊರತರುತ್ತದೆ ಎಂಬುದು ತಿಳಿದಿತ್ತಾದರೂ, ನಮ್ಮಂಥ ಗಡಿಯ ಊರಿನಲ್ಲಿ ಅದರಿಂದ ಎಷ್ಟು ಉಪಯೋಗವೆಂಬುದು ಕನ್ನಡದ ಪ್ರತಿಯನ್ನೂ ಮರಾಠಿಯ ಪ್ರತಿಯನ್ನೂ ಪಕ್ಕಪಕ್ಕದಲ್ಲಿ ತೆರೆದಿಟ್ಟಾಗಲೇ ಅರ್ಥವಾಯಿತು. ಅದೇ ಚಿತ್ರ, ಅದೇ ಪುಟ, ಸಾಲು ಮಾತ್ರ ಬೇರೆ. ಆ ಸಂಜೆ ನಾನು ಕಾರ್ತಿಕದ ದೀಪಗಳಿಗೆ ಹೂಬತ್ತಿ ಹೊಸೆಯುತ್ತಿದ್ದೆ. ಹುಡುಗ ಆನೆಯ ಸೊಂಡಿಲಿನ ಮೇಲೆ ಬೆರಳಿಟ್ಟು ‘ಹತ್ತಿ’ ಎಂದ. ಮೊಮ್ಮಗಳು ನನ್ನ ತೊಡೆಯ ಮೇಲಿದ್ದ ಅರಳೆಯನ್ನು ಎತ್ತಿ ತೋರಿಸಿ, ‘ಹತ್ತಿ ಅಂದ್ರ ಇದು! ಅದು ಆನಿ!’ ಎಂದು ಬಿದ್ದು ಬಿದ್ದು ನಕ್ಕಳು. ಅಂದಿನಿಂದ ಪ್ರತಿ ಪುಟದಲ್ಲೂ ಪ್ರಾಣಿ, ಮರ, ಪಾತ್ರೆಗಳಿಗೆ ಅಲ್ಲಿ ಏನನ್ನುತ್ತಾರೆ, ಇಲ್ಲಿ ಏನನ್ನುತ್ತಾರೆ ಎಂಬ ಹುಡುಕಾಟವೇ ಕಥೆಗಿಂತ ದೊಡ್ಡದಾಯಿತು. ಮೊಬೈಲಿನಲ್ಲೂ ಎರಡು ಭಾಷೆಗಳಿದ್ದವು, ನಿಜ. ಆದರೆ ಒಂದರ ಪಕ್ಕ ಇನ್ನೊಂದನ್ನಿಟ್ಟು ಇಬ್ಬರೂ ಬೆರಳಿಡಲು ಅಲ್ಲಿ ಜಾಗವಿರಲಿಲ್ಲ.

ದೀಪಾವಳಿಗೆ ಓಣಿಯ ಮಕ್ಕಳೆಲ್ಲ ಮಣ್ಣಿನ ಕೋಟೆ ಕಟ್ಟುವ ರೂಢಿ ನಮ್ಮಲ್ಲಿದೆ. ಕೆಂಪು ಮಣ್ಣಿನ ಕೈಗಳು ಪುಸ್ತಕಕ್ಕೆ ಬರುವುದನ್ನು ನೋಡಲಾಗದೆ ನಾಲ್ಕನೆಯ ದಾರಿ ಹಿಡಿದೆ. ಸ್ಟೋರಿವೀವರ್ ಕಥೆಗಳನ್ನು ಅದರ ಮುಕ್ತ ಪರವಾನಗಿಯಂತೆ ಇಳಿಸಿಕೊಂಡು ಮುದ್ರಿಸಬಹುದು. ಲೇಖಕರ ಮತ್ತು ಚಿತ್ರಕಾರರ ಹೆಸರಿರುವ ಪುಟವನ್ನು ಮಾತ್ರ ಬಿಡಬಾರದು. ಬಣ್ಣದ ಪ್ರಿಂಟು ಪುಟಕ್ಕೆ ಹತ್ತು ರೂಪಾಯಿ ಎಂದರು, ಕಪ್ಪು-ಬಿಳುಪಿಗೆ ಎರಡು. ಜಿಪುಣತನದಿಂದ ಎರಡನೆಯದನ್ನು ಆರಿಸಿದೆನೆಂದು ಒಪ್ಪಿಕೊಳ್ಳುತ್ತೇನೆ. ಬಣ್ಣವಿಲ್ಲದ ಪುಟ ಕಂಡೊಡನೆ ಇಬ್ಬರೂ ಕ್ರೇಯಾನ್ ಡಬ್ಬಿ ತಂದರು, ಮತ್ತು ಬಣ್ಣ ತುಂಬಲೆಂದೇ ಒಂದೊಂದು ಚಿತ್ರದ ಮುಂದೆ ಕಾಲು ಗಂಟೆ ಕುಳಿತರು. ಮೊಬೈಲಿನಲ್ಲಿ ಇದೇ ಚಿತ್ರವನ್ನು ಅವರು ಕ್ಷಣಾರ್ಧದಲ್ಲಿ ದಾಟಿ ಹೋಗಿದ್ದರು. ದಟ್ಟ ಬಣ್ಣದ ಮೂಲಚಿತ್ರಗಳು ಕಪ್ಪು-ಬಿಳುಪಿನಲ್ಲಿ ಮಸಿಯಾಗಿ ಬರುವುದರಿಂದ, ತೆಳು ಗೆರೆಯ ಚಿತ್ರಗಳಿರುವ ಕಥೆಗಳನ್ನೇ ಆರಿಸಬೇಕು.

ಓದಿ ಹೇಳುವುದಕ್ಕೆ ಎರಡು ಭಾಷೆಯ ಜೋಡಿ ಪುಸ್ತಕವನ್ನೂ, ಕೈಗೆ ಕೆಲಸ ಬೇಕಾದಾಗ ಈ ಪ್ರಿಂಟುಗಳನ್ನೂ ನಾನು ಆರಿಸುತ್ತೇನೆ. ಮೊಬೈಲು ಕಥೆ ಹುಡುಕುವುದಕ್ಕೆ ಮಾತ್ರ. ತುಳಸಿ ಲಗ್ನದ ಹೊತ್ತಿಗೆ ಸೂಜಿದಾರದಿಂದ ಹೊಲಿದ ಏಳು ಕಥೆಗಳಾಗಿದ್ದವು. ಅವುಗಳಲ್ಲೊಂದರ ಆನೆ ಅಚ್ಚ ಬಿಳಿಯದು. ಬಣ್ಣ ಹಚ್ಚುವುದು ಮರೆತೆಯಾ ಎಂದು ಕೇಳಿದ್ದಕ್ಕೆ ಮೊಮ್ಮಗಳು, ‘ಇಲ್ಲ ಆಯಿ, ಇದು ಹತ್ತಿ ಆನಿ’ ಎಂದಳು.