‘ಬೆಂಗಳೂರು ಬೇಡ, ಬಫಲೋ ಬೇಕು’ ಎಂದು ಒಬಾಮಾ ಹೇಳಿದ್ದರೇ? ಅಮೆರಿಕ ಅಧ್ಯಕ್ಷರ ಮಾತುಗಳ ಭಂಡಾರವೊಂದರ ವಿಮರ್ಶೆ

2009ರ ಮೇ 4ರಂದು ಬರಾಕ್ ಒಬಾಮಾ ಶ್ವೇತಭವನದಲ್ಲಿ ತೆರಿಗೆ ಸುಧಾರಣೆಯ ಬಗ್ಗೆ ಮಾತಾಡಿದರು. ‘ಬೆಂಗಳೂರು ಬೇಡ, ಬಫಲೋ ಬೇಕು’ ಎಂಬ ತಲೆಬರಹ ಭಾರತದ ಪತ್ರಿಕೆಗಳಲ್ಲಿ ಬಂದದ್ದು ಆಗಲೇ. ಆ ಮಾತು ಅವರ ಬಾಯಿಂದಲೇ ಬಂದದ್ದೆಂಬಂತೆ ಇವತ್ತಿಗೂ ಉದ್ಧರಣ ಚಿಹ್ನೆಯೊಳಗೆ ಓಡಾಡುತ್ತಿದೆ. ಭಾಷಣದ ಪೂರ್ಣಪಾಠ ತೆರೆದರೆ ಅದರಲ್ಲಿ ಈ ಘೋಷಣೆಯೇ ಇಲ್ಲ. ಒಬಾಮಾ ಅಂದದ್ದರ ಸಾರ ಹೀಗಿದೆ: ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ ಒಂದು ಉದ್ಯೋಗ ಹುಟ್ಟಿಸುವುದಕ್ಕಿಂತ ಭಾರತದ ಬೆಂಗಳೂರಿನಲ್ಲಿ ಹುಟ್ಟಿಸಿದರೆ ಕಡಿಮೆ ತೆರಿಗೆ ಕಟ್ಟಿ ಎನ್ನುವಂಥದ್ದು ನಮ್ಮ ತೆರಿಗೆ ಕಾನೂನು. ಅವರ ಸಿಟ್ಟೆಲ್ಲ ಅಮೆರಿಕದ ಕಂಪನಿಗಳು ಹೊರದೇಶದ ಲಾಭಕ್ಕೆ ತೆರಿಗೆಯನ್ನು ಮುಂದೂಡುತ್ತಾ ಹೋಗುವ ಸವಲತ್ತಿನ ಮೇಲೆ. 12,000ಕ್ಕೂ ಹೆಚ್ಚು ಕಂಪನಿಗಳು ವಿಳಾಸ ಕೊಟ್ಟಿದ್ದ, ತೆರಿಗೆ ತಪ್ಪಿಸುವವರ ತಾಣವೆಂದು ಹೆಸರಾದ ಕೇಮನ್ ದ್ವೀಪದ ಒಂದು ಕಟ್ಟಡವನ್ನೂ ಅದೇ ಭಾಷಣದಲ್ಲಿ ತರಾಟೆಗೆ ತೆಗೆದುಕೊಂಡಿದ್ದಾರೆ. ಇಂಥ ಪರಿಶೀಲನೆ ಎರಡು ನಿಮಿಷದಲ್ಲಿ ಮುಗಿಯುವಂತೆ ಮಾಡುವ ತಾಣ ‘ದಿ ಅಮೆರಿಕನ್ ಪ್ರೆಸಿಡೆನ್ಸಿ ಪ್ರಾಜೆಕ್ಟ್’.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಕೇಂದ್ರದಲ್ಲಿ ಜಾನ್ ವೂಲಿ ಮತ್ತು ಗೆರ್ಹಾರ್ಡ್ ಪೀಟರ್ಸ್ 1999ರಲ್ಲಿ ಇದನ್ನು ಶುರುಮಾಡಿದರು. ಜಾರ್ಜ್ ವಾಷಿಂಗ್ಟನ್‌ರಿಂದ ಇಂದಿನವರೆಗಿನ ಭಾಷಣ, ಪತ್ರಿಕಾಗೋಷ್ಠಿ, ಆದೇಶ, ಘೋಷಣೆ, ಸಂಸತ್ತಿಗೆ ಬರೆದ ಸಂದೇಶ ಎಲ್ಲವೂ ಒಂದೇ ಕಡೆ ಇವೆ. ಹಣ ಕೊಡಬೇಕಿಲ್ಲ, ಖಾತೆ ತೆರೆಯಬೇಕಿಲ್ಲ. ಟ್ರಂಪ್ ಮೊದಲ ಅವಧಿಯ ಟ್ವೀಟ್‌ಗಳನ್ನೂ ದಿನವಾರು ಜೋಡಿಸಿಟ್ಟಿದ್ದಾರೆ.

ಇದರ ಬೆಲೆ ಗೊತ್ತಾಗಬೇಕಾದರೆ ಶ್ವೇತಭವನದ ಸ್ವಂತ ತಾಣದ ಪಾಡು ನೋಡಬೇಕು. ಅಧ್ಯಕ್ಷರು ಬದಲಾದ ಜನವರಿ 20ರಂದೇ ಅಲ್ಲಿನ ಪುಟಗಳೆಲ್ಲ ಬದಲಾಗುತ್ತವೆ. ಹಳೆಯವು ರಾಷ್ಟ್ರೀಯ ಪತ್ರಾಗಾರದ ಬೇರೆ ವಿಳಾಸಕ್ಕೆ ಹೋಗುವುದರಿಂದ ನೀವು ಉಳಿಸಿಕೊಂಡ ಕೊಂಡಿ ಕೆಲಸ ಮಾಡುವುದಿಲ್ಲ. ಸಾಲದ್ದಕ್ಕೆ 2025ರಲ್ಲಿ ಅಧ್ಯಕ್ಷರ ಮಾತುಗಳ ಬಹುಪಾಲು ಲಿಖಿತ ಪಾಠಗಳನ್ನು ಶ್ವೇತಭವನ ತನ್ನ ತಾಣದಿಂದ ತೆಗೆದು ವಿಡಿಯೋಗಳನ್ನು ಇಟ್ಟಿತು. ವಿಡಿಯೋದೊಳಗೆ ಪದ ಹುಡುಕಲು ಬರುವುದಿಲ್ಲ. ಆದ್ದರಿಂದ ವಿಶ್ವವಿದ್ಯಾಲಯವೊಂದು ನಡೆಸುವ ಈ ಭಂಡಾರ ಇಂದು ಮೊದಲಿಗಿಂತ ಹೆಚ್ಚು ಬೇಕಾಗಿದೆ.

ಹುಡುಕಾಟ ಹೇಗೆ? ಮುಖಪುಟದ ಸಣ್ಣ ಚೌಕವನ್ನು ಬಿಟ್ಟು ನೇರ ‘ಅಡ್ವಾನ್ಸ್‌ಡ್ ಸರ್ಚ್’ಗೆ ಹೋಗಿ. ನುಡಿಗಟ್ಟನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಹಾಕಿ. ಹಾಕದಿದ್ದರೆ ಪದಗಳು ಬಿಡಿಬಿಡಿಯಾಗಿ ಸಿಕ್ಕ ದಾಖಲೆಗಳೆಲ್ಲ ರಾಶಿ ಬೀಳುತ್ತವೆ. ಆಮೇಲೆ ಅಧ್ಯಕ್ಷರ ಹೆಸರು, ‘ಇಂಥ ದಿನದಿಂದ–ಇಂಥ ದಿನದವರೆಗೆ’ ಎಂಬ ದಿನಾಂಕ, ಕೊನೆಗೆ ದಾಖಲೆಯ ವರ್ಗ. ನಮ್ಮ ಊರುಗಳನ್ನು ಹುಡುಕುವಾಗ ಒಂದು ಮಾತು ನೆನಪಿರಲಿ. ಬೆಂಗಳೂರು, ಮೈಸೂರು, ಮಂಗಳೂರುಗಳ ಇಂಗ್ಲಿಷ್ ಕಾಗುಣಿತ ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ಅದಕ್ಕೂ ಹಿಂದಿನ ಭಾಷಣಗಳಲ್ಲಿ ಇರುವುದು ‘ಬ್ಯಾಂಗಲೋರ್’. ಹೊಸ ಕಾಗುಣಿತ ಮಾತ್ರ ಹಾಕಿದರೆ ಮೇಲಿನ 2009ರ ಭಾಷಣ ಕೈಗೆ ಸಿಗುವುದೇ ಇಲ್ಲ.

ವರ್ಗದ ವಿಷಯದಲ್ಲೇ ಹೆಚ್ಚಿನವರು ಎಡವುವುದು. ‘ರಿಮಾರ್ಕ್ಸ್’ ಎಂದಿದ್ದರೆ ಅಧ್ಯಕ್ಷರು ಬಾಯಿಬಿಟ್ಟು ಆಡಿದ ಮಾತು. ‘ಸ್ಟೇಟ್‌ಮೆಂಟ್’ ಎಂದಿದ್ದರೆ ಸಾಮಾನ್ಯವಾಗಿ ಅವರ ಹೆಸರಿನಲ್ಲಿ ಹೊರಬಿದ್ದ ಬರಹ. ಅದನ್ನು ಅವರು ಎಲ್ಲೂ ಉಚ್ಚರಿಸಿರದೆ ಇರಬಹುದು. ಪತ್ರಿಕಾ ಕಾರ್ಯದರ್ಶಿಯ ಹೇಳಿಕೆ ಮತ್ತೂ ಬೇರೆ. ಮೂರಕ್ಕೂ ಕನ್ನಡದಲ್ಲಿ ‘ಅಧ್ಯಕ್ಷರು ಹೇಳಿದ್ದಾರೆ’ ಎಂದೇ ಬರೆಯುವುದು ತಪ್ಪು. ‘ಹೇಳಿಕೆ ಹೊರಡಿಸಿದ್ದಾರೆ’ ಎಂಬ ಸರಿಯಾದ ಪ್ರಯೋಗ ನಮ್ಮಲ್ಲಿ ಇದ್ದೇ ಇದೆ. ಪುಟದ ತಲೆಯಲ್ಲಿ ‘ಆ್ಯಸ್ ಪ್ರಿಪೇರ್ಡ್ ಫಾರ್ ಡೆಲಿವರಿ’ ಎಂದಿದ್ದರೆ ಅದು ಮುಂಚೆಯೇ ಬರೆದಿಟ್ಟ ಕರಡು. ವೇದಿಕೆ ಹತ್ತಿದ ಮೇಲೆ ಸೇರಿಸಿದ ಮಾತುಗಳು ಅದರಲ್ಲಿರುವುದಿಲ್ಲ, ಬಿಟ್ಟ ಮಾತುಗಳು ಹಾಗೇ ಉಳಿದಿರುತ್ತವೆ. ಅಂಥ ಪಾಠದಿಂದ ಉದ್ಧರಿಸಲೇಬಾರದು.

ವಿದೇಶಾಂಗ ವಿಷಯಕ್ಕೆ ಬಂದರೆ ಒಂದೊಂದು ಪದಕ್ಕೂ ತೂಕವಿದೆ. 2010ರ ನವೆಂಬರ್ 8ರಂದು ನಮ್ಮ ಸಂಸತ್ತಿನಲ್ಲಿ ಒಬಾಮಾ ಆಡಿದ ಮಾತನ್ನೇ ತೆಗೆದುಕೊಳ್ಳಿ. ‘ಭದ್ರತಾ ಮಂಡಳಿಯ ಕಾಯಂ ಸ್ಥಾನಕ್ಕೆ ಅಮೆರಿಕದ ಬೆಂಬಲ’ ಎಂದು ಸುದ್ದಿಯಾಯಿತು, ಸುಳ್ಳೇನಲ್ಲ. ಆದರೆ ಪಾಠದಲ್ಲಿ ಮುಂಬರುವ ವರ್ಷಗಳಲ್ಲಿ, ಸುಧಾರಣೆಗೊಂಡ ಭದ್ರತಾ ಮಂಡಳಿಯಲ್ಲಿ ಭಾರತ ಕಾಯಂ ಸದಸ್ಯನಾಗಿರುವುದನ್ನು ಎದುರುನೋಡುತ್ತೇನೆ ಎಂದಿದೆ. ‘ಮುಂಬರುವ ವರ್ಷಗಳು’ ಎಂದಾಗ ಗಡುವು ಹೋಯಿತು. ‘ಸುಧಾರಣೆಗೊಂಡ’ ಎಂದಾಗ ಷರತ್ತು ಬಂತು. ಈ ಎರಡು ತುಣುಕುಗಳನ್ನು ಬಿಟ್ಟು ಅನುವಾದಿಸಿದರೆ ಇಲ್ಲದ ಭರವಸೆಯೊಂದು ಹುಟ್ಟಿಬಿಡುತ್ತದೆ.

ಭಂಡಾರದಲ್ಲಿರುವುದು ಒಂದು ಕಡೆಯವರ ಮಾತು ಎಂಬುದನ್ನೂ ಮರೆಯಬಾರದು. 2019ರ ಜುಲೈ 22ರಂದು ಇಮ್ರಾನ್ ಖಾನ್ ಪಕ್ಕದಲ್ಲಿ ಕೂತು, ಕಾಶ್ಮೀರದ ವಿಷಯದಲ್ಲಿ ಮಧ್ಯಸ್ಥಿಕೆ ವಹಿಸುವಂತೆ ಮೋದಿ ಕೇಳಿದ್ದರು ಎಂದು ಟ್ರಂಪ್ ಅಂದರು. ಅಂಥ ಕೋರಿಕೆ ಇಟ್ಟೇ ಇಲ್ಲ ಎಂದು ಭಾರತದ ವಿದೇಶಾಂಗ ಸಚಿವಾಲಯ ಸ್ಪಷ್ಟಪಡಿಸಿತು. ಅಧ್ಯಕ್ಷರು ಏನಂದರು ಎಂಬುದಕ್ಕೆ ಈ ತಾಣ ಸಾಕ್ಷಿಯಾಗುತ್ತದೆ, ಅಂದದ್ದು ನಿಜವೇ ಎಂಬುದಕ್ಕಲ್ಲ. ಎರಡನೆಯದಕ್ಕೆ ನಮ್ಮ ಸಚಿವಾಲಯದ ತಾಣದ ‘ಸ್ಪೀಚಸ್ ಅಂಡ್ ಸ್ಟೇಟ್‌ಮೆಂಟ್ಸ್’, ‘ಮೀಡಿಯಾ ಬ್ರೀಫಿಂಗ್ಸ್’ ವಿಭಾಗಗಳನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳಬೇಕು. ದಿನಾಂಕ ಹೊಂದದಿದ್ದರೆ ಗಾಬರಿಯಾಗುವುದು ಬೇಡ. ವಾಷಿಂಗ್ಟನ್ ನಮಗಿಂತ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದೆ. ಅಲ್ಲಿ ಸಂಜೆ ಆಡಿದ ಮಾತಿಗೆ ಇಲ್ಲಿ ಮರುದಿನದ ತಾರೀಖು ಬಿದ್ದಿರುತ್ತದೆ.

ದೇಶದೊಳಗಿನ ವಿಚಾರಗಳಿಗೆ ಇಲ್ಲಿನ ಅಂಕಿಅಂಶದ ಕೋಷ್ಟಕಗಳು ಚೆನ್ನಾಗಿವೆ. ಯಾವ ಅಧ್ಯಕ್ಷರು ಎಷ್ಟು ಮಸೂದೆಗಳಿಗೆ ವೀಟೊ ಹಾಕಿದರು (ಫ್ರಾಂಕ್ಲಿನ್ ರೂಸ್‌ವೆಲ್ಟ್ 635, ಅದೇ ದಾಖಲೆ), ಎಷ್ಟು ಕಾರ್ಯಾಂಗ ಆದೇಶ ಹೊರಡಿಸಿದರು, ಸಂಸತ್ತಿಗೆ ಕೊಡುವ ವಾರ್ಷಿಕ ಸಂದೇಶ ಎಷ್ಟು ಪದಗಳದ್ದು, ಎಲ್ಲವೂ ಇವೆ. ವಾರ್ಷಿಕ ಸಂದೇಶಗಳನ್ನು ಹೋಲಿಸುವಾಗ ಎಚ್ಚರ ಬೇಕು: 1801ರಲ್ಲಿ ಜೆಫರ್‌ಸನ್ ಬರೆದು ಕಳಿಸುವ ಪದ್ಧತಿ ತಂದರು, 1913ರಲ್ಲಿ ವುಡ್ರೊ ವಿಲ್ಸನ್ ಮತ್ತೆ ಖುದ್ದಾಗಿ ನಿಂತು ಓದಿದರು. ಬರೆದದ್ದನ್ನೂ ಆಡಿದ್ದನ್ನೂ ಒಂದೇ ತಕ್ಕಡಿಗೆ ಹಾಕಿದರೆ ಲೆಕ್ಕ ಕೆಡುತ್ತದೆ.

ಕೊರತೆ ಇಲ್ಲವೆಂದಲ್ಲ. ಸಂದರ್ಭ ವಿವರಿಸುವ ಟಿಪ್ಪಣಿಗಳಲ್ಲಿ ಸರ್ಕಾರಿ ಸಂಕಲನವೇ ಮುಂದು. ಅಮೆರಿಕ ಸರ್ಕಾರದ ಮುದ್ರಣ ಸಂಸ್ಥೆಯ ‘ಗವ್‌ಇನ್ಫೊ’ ತಾಣದಲ್ಲಿ ಅಧ್ಯಕ್ಷರ ದಾಖಲೆಗಳ ಅಧಿಕೃತ ಸಂಕಲನವಿದೆ. 1965ರಿಂದ ಅದು ವಾರಕ್ಕೊಮ್ಮೆ ಬರುತ್ತಿತ್ತು, 2009ರಿಂದ ದಿನವಾರು ಬರುತ್ತಿದೆ. ಪ್ರತಿ ಭಾಷಣದ ಅಡಿಯಲ್ಲಿ ಎಷ್ಟು ಗಂಟೆಗೆ, ಯಾವ ಕೋಣೆಯಲ್ಲಿ ಮಾತಾಡಿದರು, ಬರೀ ಹೆಸರು ಹೇಳಿದ ವ್ಯಕ್ತಿ ಯಾರು ಎಂಬ ಟಿಪ್ಪಣಿ ಇರುತ್ತದೆ. ಆದರೆ ಅಲ್ಲಿನ ಹುಡುಕಾಟ ಹೊಸಬರಿಗೆ ತೊಡಕು. ಹಾಗಾಗಿ ಪ್ರೆಸಿಡೆನ್ಸಿ ಪ್ರಾಜೆಕ್ಟ್‌ನಲ್ಲಿ ಹುಡುಕಿ ದಿನಾಂಕ, ಶೀರ್ಷಿಕೆ ಹಿಡಿದುಕೊಳ್ಳಿ, ಗವ್‌ಇನ್ಫೊದಲ್ಲಿ ಅದೇ ದಿನದ ಪ್ರತಿ ತೆರೆದು ವಾಕ್ಯ ತಾಳೆ ನೋಡಿ. ಎರಡೂ ಕಡೆ ಒಂದು ಪದ ಬೇರೆಯಿದ್ದರೆ ಸಿ-ಸ್ಪಾನ್ ವಾಹಿನಿಯ ವಿಡಿಯೋ ಭಂಡಾರದಲ್ಲಿ ಆ ಜಾಗ ಕೇಳಿ.

ಕನ್ನಡಕ್ಕೆ ತರುವವರಿಗೆ ಒಳ್ಳೆಯ ಸುದ್ದಿ: ಅಮೆರಿಕದ ಅಧ್ಯಕ್ಷರು ಅಧಿಕಾರದಲ್ಲಿದ್ದು ಮಾಡಿದ ಅಧಿಕೃತ ಭಾಷಣಕ್ಕೆ ಅಲ್ಲಿನ ಕಾನೂನಿನಲ್ಲಿ ಕೃತಿಸ್ವಾಮ್ಯವಿಲ್ಲ. ಯಂತ್ರಾನುವಾದವನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ‘ಸೆಕ್ರೆಟರಿ ಆಫ್ ಸ್ಟೇಟ್’ ಎಂದರೆ ವಿದೇಶಾಂಗ ಸಚಿವ, ‘ರಾಜ್ಯ ಕಾರ್ಯದರ್ಶಿ’ ಅಲ್ಲ. ‘ಮೈ ಅಡ್ಮಿನಿಸ್ಟ್ರೇಷನ್’ ಎಂದರೆ ‘ನನ್ನ ಸರ್ಕಾರ’. ‘ಟೇಬಲ್’ ಎಂಬ ಕ್ರಿಯಾಪದ ಇನ್ನೂ ಅಪಾಯದ್ದು: ನಮ್ಮ ಸಂಸತ್ತಿನ ಇಂಗ್ಲಿಷಿನಲ್ಲಿ ಅದಕ್ಕೆ ‘ಮಂಡಿಸು’ ಎಂಬ ಅರ್ಥ, ಅಮೆರಿಕದಲ್ಲಿ ‘ಚರ್ಚೆಯಿಂದ ಬದಿಗಿಡು’ ಎಂದು.